ಅಂಗಳಕ್ಕೆ ಬಂದವರ ಹೆಸರು

ಫೆಬ್ರವರಿ 4, 2008, ಸೋಮವಾರ

ಮಹಾಜನರೇ! ಪರದೆ ಮೇಲೇಳುತ್ತಿದೆ! ಸಭೆಯಲ್ಲಿ ಕೂತವಳೂ ನಾನೇ, ರಂಗದ ಮೇಲೆ ನಿಂತವಳೂ ನಾನೇ. ಆದರೇನು, ಘೋಷಣೆ ಘೋಷಣೆಯೇ! ಕೂಟಗಲ್ಲಿನ ನಾಟಕದ ಮೇಷ್ಟ್ರು ಗುರುಸಿದ್ದಯ್ಯನವರ ಏಕಮಾತ್ರ ಪುತ್ರಿ, ಬಿ.ಸಿ.ಎ. ಕೊನೆಯ ವರ್ಷದ ದ್ರಾಕ್ಷಾಯಿಣಿ ಎಂಬ ನಾನು, ಇಂದು ರಾಮನಗರದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಎದ್ದು ನಿಂತು ನಾಗರಾಜು ಸರ್ ಮುಂದೆ ಸಾರಿದೆ: "ಎಲ್ಲರೂ ಲೈಬ್ರರಿ ಲೆಕ್ಕದ ಪ್ರಾಜೆಕ್ಟು ಮಾಡಲಿ, ಆಸ್ಪತ್ರೆ ಬಿಲ್ಲಿನ ಪ್ರಾಜೆಕ್ಟು ಮಾಡಲಿ. ನಾವು ಒಂದು ಕಾಲೇಜನ್ನೇ ಕಟ್ಟುತ್ತೇವೆ ಸರ್!"

ಯಾಕೆಂದು ಕೇಳಿ. ನಮ್ಮಲ್ಲಿ ಕೊನೆಯ ಪಿರಿಯಡ್ ಮುಗಿದರೆ ಅರಮನೆಗೆ ಬೆಂಕಿ ಬಿದ್ದಂತೆ ಓಟ. ಅರ್ಧ ಹುಡುಗರು ಬಿಡದಿ ಕಾರ್ಖಾನೆಗಳ ವ್ಯಾನಿಗೆ, ಎರಡನೇ ಪಾಳಿಗೆ. ಹುಡುಗಿಯರು ಹಳ್ಳಿ ಬಸ್ಸಿಗೆ. ಮೂರು ವರ್ಷ ಅಕ್ಕಪಕ್ಕ ಕೂತವರಲ್ಲಿ ಒಬ್ಬರ ಊರು ಇನ್ನೊಬ್ಬರಿಗೆ ಗೊತ್ತಿಲ್ಲ. ಚನ್ನಪಟ್ಟಣ, ಕನಕಪುರ, ಮಾಗಡಿ ಕಾಲೇಜುಗಳಲ್ಲೂ ಇದೇ ಪಾಡು. ಎಲ್ಲರೂ ಓದುವುದು ಒಂದೇ ಪಾಠ, ಮುಖ ಕಂಡವರು ಯಾರು? ಆದ್ದರಿಂದ ಇಂಟರ್ನೆಟ್ಟಿನೊಳಗೆ ಒಂದು ಕಾಲೇಜು! ತೆರೆಯ ಮೇಲೆ ಚಿತ್ರ: ಲೈಬ್ರರಿ ಮೆಟ್ಟಿಲು, ಕ್ಯಾಂಟೀನು, ಹೊಂಗೆಮರ, ಮರದ ಕೆಳಗೆ ಕಲ್ಲುಬೆಂಚು. ಸೈಬರ್ ಸೆಂಟರಿನಿಂದ ಒಳಗೆ ಬಂದವರು ಬೇಕಾದಲ್ಲಿ ಕೂತು ಹರಟಲಿ, ನೋಟ್ಸ್ ಕೇಳಲಿ, ಜಗಳವಾಡಲಿ. ಅದರ ನಾಮಧೇಯ 'ಅಂಗಳ'!

ಚಿತ್ರ ಬರೆಯುವವಳು ನನ್ನ ಪ್ರಾಜೆಕ್ಟಿನ ಜೊತೆಗಾತಿ, ಬೈರಾಪಟ್ಟಣದ ಧನುಶ್ರೀ. ಅವಳ ಕೈಗೆ ಸಿಕ್ಕ ಮೌಸು ಕುಂಚವಾಗುತ್ತದೆ. ಬಾಯಿ ಮಾತ್ರ ಇಲ್ಲ. ಅದಕ್ಕೇನು, ಬಾಯಿಗೆ ನಾನಿದ್ದೇನೆ!

ಫೆಬ್ರವರಿ 15, ಶುಕ್ರವಾರ

ಇಂದು ತಲೆಯಲ್ಲಿ ಮಿಂಚು ಹೊಡೆಯಿತು. ಪ್ರವೇಶ! ಅಂಗಳಕ್ಕೆ ಬೇಕಿರುವುದು ಪ್ರವೇಶ!

ಅಪ್ಪನ ನಾಟಕದಲ್ಲಿ ಯಾರಾದರೂ ಸುಮ್ಮನೆ ಬಂದು ನಿಲ್ಲುತ್ತಾರೆಯೇ? ಮೊದಲು ಹಾರ್ಮೋನಿಯಂ ಏರುತ್ತದೆ. ಒಳಗಿನಿಂದ ದನಿ ಬರುತ್ತದೆ. ಆಮೇಲೆ ಕಿರೀಟ, ಆಮೇಲೆ ಗದೆ, ಕೊನೆಗೆ ಮನುಷ್ಯ. ನಿನ್ನೆಯವರೆಗೆ ಹಿಪ್ಪುನೇರಳೆ ಸೊಪ್ಪು ಹೊತ್ತವನು ಆ ಒಂದು ಪ್ರವೇಶದಿಂದ ಚಕ್ರವರ್ತಿಯಾಗುತ್ತಾನೆ, ಜನ ಸಿಳ್ಳೆ ಹಾಕುತ್ತಾರೆ. ಹೆಣ್ಣುಮಕ್ಕಳಿಗೆ? ರಾಣಿಯ ಪಾತ್ರಕ್ಕೂ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಊರ ಹೆಂಗಸರು ಹಿಂದಿನ ಚಾಪೆಯಲ್ಲಿ. ಹಾರ್ಮೋನಿಯಂ ಪಕ್ಕ ಕೂತು ಎಲ್ಲ ಪಾತ್ರಗಳ ಮಾತು ಬಾಯಿಪಾಠ ಮಾಡಿಕೊಂಡ ನನಗೆ ಇವತ್ತಿಗೂ ಒಂದು ಪ್ರವೇಶ ಸಿಕ್ಕಿಲ್ಲ.

ಅಂಗಳದಲ್ಲಿ ಹಾಗಾಗದು. ಯಾರು ಒಳಗೆ ಬಂದರೂ ಗಂಟೆ! ತೆರೆಯ ನೆತ್ತಿಯ ಮೇಲೆ ಕೆಂಪು ಪಟ್ಟಿ. ಅದರಲ್ಲಿ ಬಂದವರ ಹೆಸರು, ಊರು, ಕೂತ ಜಾಗ.

ಧನು ಮೆಲ್ಲಗೆ, "ಹೆಸ್ರು ಹಾಕ್ಲೇಬೇಕೇನೇ ದ್ರಾಕ್ಷಿ? ಸುಮ್ನೆ ಬಂದು ಕೂತ್ರೆ ಆಗಲ್ವಾ?" ಅಂದಳು.

"ಕಳ್ಳರ ಥರ ಹಿಂಬಾಗ್ಲಿಂದ ಬಂದಿದ್ದು ಸಾಕು ಕಣೇ! ಮುಂಬಾಗ್ಲಿಂದ ಬಾ, ಗಂಟೆ ಹೊಡೆಸ್ಕೊಂಡು ಬಾ!"

ಅವಳು ನಕ್ಕಳು. ಒಪ್ಪಿಗೆಯಾಯಿತು.

ನಾಗರಾಜು ಸರ್‌ಗೂ ಹಿಡಿಸಿತು. "ಹೊರಗಿನ ಪರೀಕ್ಷಕರು ಕಣ್ಣರಳಿಸಿ ನೋಡೋದು ಇದನ್ನೇ. ರಿಪೋರ್ಟಿನ ಮೊದಲ ಪುಟಕ್ಕೆ ಹಾಕು" ಎಂದರು.

ಮಾರ್ಚ್ 5, ಬುಧವಾರ

ಜಯಭೇರಿ! ಅಂಗಳ ತೆರೆಯಿತು!

ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಸಮದ್ ಭಾಯ್ ಅವರ ಸೈಬರ್ ಸೆಂಟರ್. ನಮ್ಮ ಕಾಲೇಜಿನವರೆಲ್ಲ ಕೂರುವುದು ಅಲ್ಲೇ. ಬಾಗಿಲ ಬಳಿಯ ಕಂಪ್ಯೂಟರಿನ ಮುಖವನ್ನು ಬೀದಿಗೆ ತಿರುಗಿಸಿ ಎಂದೆ.

"ಯಾಕಮ್ಮಾ? ಬೀದೀಲಿ ಹೋಗೋರ್ಗೆ ಇದರಲ್ಲೇನು ಕೆಲ್ಸ?"

"ನಾಟಕ ಅಂದ್ಮೇಲೆ ಮುಂದೆ ಬೋರ್ಡ್ ಬೇಡ್ವಾ ಭಾಯ್?"

ಸಮದ್ ಭಾಯ್ ಗೊಣಗಿಕೊಂಡೇ ತಿರುಗಿಸಿದರು. ಸ್ಪೀಕರನ್ನೂ ಹೊರಗಿಡಿಸಿದೆ. ಟಣ್! 'ರಮ್ಯಾ, ಕನಕಪುರ, ಲೈಬ್ರರಿ ಮೆಟ್ಟಿಲು.' ಟಣ್! 'ಶಶಾಂಕ್, ಮಾಗಡಿ, ಕಲ್ಲುಬೆಂಚು.' ರೇಷ್ಮೆಗೂಡಿನ ಮೂಟೆ ಹೊತ್ತವರು ನಿಂತು ನೋಡಿದರು. ಹೆಣ್ಣುಮಕ್ಕಳ ಹೆಸರು ಬಂದಾಗಲೆಲ್ಲ ನನ್ನ ಎದೆ ನಗಾರಿಯಾಯಿತು. ನೋಡಿರಿ, ನೋಡಿರಿ, ಚಾಪೆಯಿಂದೆದ್ದು ಬರುತ್ತಿದ್ದಾರೆ!

ಮಾರ್ಚ್ 12, ಬುಧವಾರ

ಧನು ಮಾತಾಡುತ್ತಾಳೆ! ಕಲ್ಲುಬೆಂಚಿನಲ್ಲಿ ಮಾಗಡಿಯ ಆ ಶಶಾಂಕ್ ನೆಟ್‌ವರ್ಕಿಂಗ್ ಪಾಠ ಅರ್ಥವಾಗಲಿಲ್ಲವೆಂದು ಬರೆದಿದ್ದ. ಇವಳು ಉದ್ದಕ್ಕೆ ಬಿಡಿಸಿ ಹೇಳಿದ್ದಾಳೆ, ನಡುವೆ ತಮಾಷೆ ಬೇರೆ. ದಿನಾ ಬರುತ್ತಾಳೆ, ದಿನಾ ಹೇಳಿಕೊಡುತ್ತಾಳೆ. ಬೆರಳಲ್ಲಿ ಇಷ್ಟು ಮಾತಿಟ್ಟುಕೊಂಡು ಮೂರು ವರ್ಷ ನನ್ನ ಮುಂದೆ ಮೂಗಿಯಂತಿದ್ದಳಲ್ಲ!

ಮಾರ್ಚ್ 18, ಮಂಗಳವಾರ

ಧನು ಶುಕ್ರವಾರದಿಂದ ಬಂದಿಲ್ಲ. ಜ್ವರವಿರಬೇಕು ಎಂದುಕೊಂಡಿದ್ದೆ. ಇಂದು ಅವಳ ತಾಯಿ ವೆಂಕಟಲಕ್ಷ್ಮಮ್ಮ ಕಾಲೇಜಿಗೆ ಬಂದರು. ಒಬ್ಬರೇ. ಸೆರಗನ್ನು ಬಿಗಿಯಾಗಿ ಹೊದ್ದಿದ್ದರು.

"ಆ ಕಲ್ಲುಬೆಂಚು ಎಲ್ಲೈತೆ, ತೋರ್ಸವ್ವ."

"ಯಾವ ಬೆಂಚಮ್ಮ? ನಮ್ಮ ಕಾಲೇಜಲ್ಲಿ ಕಲ್ಲುಬೆಂಚೇ ಇಲ್ಲ."

"ಸುಳ್ಳೇಳ್ಬ್ಯಾಡ. ನಮ್ಮಣ್ಣ ಮಾರ್ಕೆಟ್ಗೆ ಗೂಡು ಹಾಕಕ್ಕೆ ಬಂದಿದ್ದಾಗ ಕಣ್ಣಾರೆ ನೋಡವ್ನೆ. ಧನುಶ್ರೀ, ಬೈರಾಪಟ್ಣ, ಕಲ್ಲುಬೆಂಚು. ಅದರ ಕೆಳಗೇ ಮಾಗಡಿ ಹುಡ್ಗನ ಹೆಸ್ರು, ಅದೂ ಕಲ್ಲುಬೆಂಚೇ. ಮ್ಯಾಲೆ ಗಂಟೆ ಬ್ಯಾರೆ ಹೊಡೀತಂತೆ."

ನಾನು ಬಾಯಿ ತೆರೆಯುವ ಮೊದಲೇ ಕಟ್ಟಡದ ಹಿಂದಕ್ಕೆ ನಡೆದರು. ಸೈಕಲ್ ಸ್ಟ್ಯಾಂಡಿನ ಮೂಲೆ, ನೀರಿನ ಟ್ಯಾಂಕಿನ ಮರೆ, ಕಾಂಪೌಂಡಿನ ಬುಡ, ಎಲ್ಲ ಹುಡುಕಿದರು. ನಾನು ಹಿಂದೆ ಹಿಂದೆ ಹೋಗುತ್ತಾ, ಅದು ಕಂಪ್ಯೂಟರಿನೊಳಗಿನ ಬೆಂಚು, ಧನುವೇ ಬರೆದ ಚಿತ್ರ ಎಂದು ಕೂಗಿ ಕೂಗಿ ಹೇಳಿದೆ.

"ಚಿತ್ರದೊಳಕ್ಕೆ ಎಂಗವ್ವ ಕುಂತ್ಕಂಡ್ಲು?"

ಸೆರಗನ್ನು ಇನ್ನಷ್ಟು ಬಿಗಿದುಕೊಂಡು ಗೇಟಿನ ಕಡೆ ನಡೆದುಬಿಟ್ಟರು.

ಧನುವಿಗೆ ತಂದೆಯಿಲ್ಲ. ಸೋದರಮಾವ ತಿಮ್ಮಯ್ಯನವರೇ ಮನೆಗೆ ಯಜಮಾನ. ಅಪ್ಪನ ನಾಟಕದ ಮೇಳದಲ್ಲಿ ರಾಕ್ಷಸನ ಪಾರ್ಟು ಹಾಕುವವರೂ ಅವರೇ. ಹೆಣ್ಣುಮಗಳನ್ನು ರಾಮನಗರದವರೆಗೆ ಓದಲು ಕಳಿಸುತ್ತೀಯಾ ಎಂದು ಊರು ಕೇಳಿದಾಗ, "ನನ್ನ ಜವಾಬ್ದಾರಿ" ಎಂದು ಎದೆ ತಟ್ಟಿಕೊಂಡಿದ್ದವರು. ಈಗ ಅವರೇ ಓದು ಸಾಕು ಎಂದಿದ್ದಾರಂತೆ. ಏಪ್ರಿಲ್ 26ಕ್ಕೆ ಪ್ರಾಜೆಕ್ಟಿನ ವೈವಾ, ಅದರ ಹಿಂದೆಯೇ ಥಿಯರಿ ಪರೀಕ್ಷೆ. ಬರದಿದ್ದರೆ ಮೂರು ವರ್ಷದ ಡಿಗ್ರಿ ನೀರಿಗೆ.

ಮಾರ್ಚ್ 19, ಬುಧವಾರ

ಬರಲಿಲ್ಲ. ಅವರ ಮನೆಗೆ ಫೋನ್ ಮಾಡಿದೆ. ತಿಮ್ಮಯ್ಯಣ್ಣ ಎತ್ತಿಕೊಂಡು ನನ್ನ ದನಿ ಕೇಳಿದರು. ಫೋನ್ ಇಟ್ಟುಬಿಟ್ಟರು.

ಮಾರ್ಚ್ 24, ಸೋಮವಾರ

ಹೇಡಿಗಳು! ಹೇಡಿಗಳು! ಅಂಗಳದಲ್ಲಿ ಒಂದು ಹೆಣ್ಣಿನ ಹೆಸರಿಲ್ಲ. ಸುದ್ದಿ ಬಸ್ಸುಗಳಲ್ಲಿ ಹರಿದಾಡಿದೆ. ಹುಡುಗರೇ ಬಂದು ಹುಡುಗರಿಗೇ ಗಂಟೆ ಹೊಡೆಯುತ್ತಿದ್ದಾರೆ. ಅಂಗಳ ತೆರೆದ ಮೇಲೆ ಒಮ್ಮೆ ಭೇಟಿಯಾಗಿದ್ದ ರಮ್ಯಾ ಕನಕಪುರದಿಂದ ರಾಮನಗರದ ತನ್ನ ದೊಡ್ಡಮ್ಮನ ಮನೆಗೆ ಬಂದಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿ, ಹೆದರಿ ಓಡಿಹೋದೆಯಲ್ಲ ಎಂದು ಗುಡುಗಿದೆ.

"ಮೆಲ್ಲಗೆ ಮಾತಾಡೇ" ಅಂದಳು. "ನಿಂಗೇನಮ್ಮ, ನಿಮ್ಮಪ್ಪಂಗೆ ನಿನ್ನ ಹೆಸ್ರು ಬೋರ್ಡ್ ಮೇಲೆ ಕಂಡ್ರೆ ಖುಷಿ. ನಮ್ಮಪ್ಪಂಗೆ ಕಂಡ್ರೆ ನನ್ನ ಬಸ್ ಪಾಸ್ ಹರಿದು ಒಲೆಗಾಕ್ತಾರೆ. ನೀನ್ಯಾವತ್ತಾದ್ರೂ ನಮ್ಮನ್ನ ಕೇಳಿದ್ಯಾ?"

ಅವಳ ಬಸ್ಸು ಬಂತು, ಹತ್ತಿದಳು. ಕೇಳುವುದೇನಿತ್ತು? ಒಳ್ಳೆಯದನ್ನು ಮಾಡಲು ಅಪ್ಪಣೆ ಕೇಳಬೇಕೆ?

ಕೇಳಿರಲಿಲ್ಲ, ನಿಜ.

ಮಾರ್ಚ್ 30, ಭಾನುವಾರ

ಬೈರಾಪಟ್ಟಣಕ್ಕೆ ಹೋಗಿ ಬಂದೆವು, ಅಪ್ಪ ಮತ್ತು ನಾನು. ಬಸ್ಸಿನುದ್ದಕ್ಕೂ ನನ್ನ ಮಾತನ್ನು ಮಸೆಯುತ್ತಿದ್ದೆ. ಆರಂಭ ವಿನಯದಲ್ಲಿ, ಮಧ್ಯ ಕರುಣೆಯಲ್ಲಿ, ಕೊನೆ ಸಿಡಿಲಿನಲ್ಲಿ.

ತಿಮ್ಮಯ್ಯಣ್ಣ ಜಗಲಿಯಲ್ಲಿ ಕೂತು ಹುಳುವಿಗೆ ಸೊಪ್ಪು ಹೆಚ್ಚುತ್ತಿದ್ದರು. ಅಪ್ಪನಿಗೆ ಕೈಮುಗಿದು ಚಾಪೆ ಹಾಸಿದರು. ನನ್ನ ಕಡೆ ನೋಡಲಿಲ್ಲ. ನಾನು ಅವರ ಮನೆಯಂಗಳದ ನಡುವೆ ನಿಂತು ಆರಂಭಿಸಿಯೇಬಿಟ್ಟೆ. ಧನುಶ್ರೀ ನಿರಪರಾಧಿ! ಧನುಶ್ರೀಯ ನಡತೆ ಗಂಗೆಯಂತೆ! ಮಾಗಡಿಯ ಹುಡುಗನಿಗೂ ಧನುಶ್ರೀಗೂ ಪಾಠದ ಹೊರತು ಬೇರೆ ಮಾತಿಲ್ಲ! ದನಿ ಒಳ್ಳೆ ಶ್ರುತಿಯಲ್ಲಿತ್ತು. ಎದುರು ಮನೆಯ ಬಾಗಿಲು ತೆರೆಯಿತು. ಪಕ್ಕದ ಮನೆಯವರು ಮೊರ ಹಿಡಿದೇ ಹೊರಬಂದರು. ಒಳಬಾಗಿಲಲ್ಲಿ ಧನು ಕಂಡಳು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು, ತನ್ನ ಬಾಯನ್ನಲ್ಲ, ನನ್ನದನ್ನು ಮುಚ್ಚುತ್ತಿರುವಂತೆ.

"ಸಾಕು ಬುಡವ್ವ" ಅಂದರು ತಿಮ್ಮಯ್ಯಣ್ಣ, ಸೊಪ್ಪಿನಿಂದ ಕಣ್ಣೆತ್ತದೆ. "ಇಲ್ಲೀಗಂಟ ರಾಮನಗ್ರದ ಬೀದಿಗೆ ಮಾತ್ರ ಗೊತ್ತಿತ್ತು. ಈಗ ಬೈರಾಪಟ್ಣಕ್ಕೂ ಡಂಗೂರ ಹೊಡ್ದೆ."

ಧನು ಒಳಗೆ ಹೋಗಿಬಿಟ್ಟಳು.

ಅಪ್ಪ ಕಾಫಿ ಕುಡಿದು ಲೋಟ ಕೆಳಗಿಟ್ಟು, "ತಿಮ್ಮಯ್ಯ, ಬುಧವಾರ ಗೂಡು ಹಾಕಕ್ಕೆ ಬತ್ತೀಯಲ್ಲ, ಆ ಬೆಂಚು ಒಂದ್ಸಲ ಸರ್ಯಾಗಿ ನೋಡ್ಕಂಡು ಹೋಗಪ್ಪ. ಆಮೇಲೆ ನಿನ್ನಿಷ್ಟ" ಎಂದರು.

"ಆಗ್ಲಿ ಮೇಷ್ಟ್ರೇ. ನಿಮ್ಮ ಮಾತಿಗೆ."

ವಾಪಸು ಬರುವಾಗ ಅಪ್ಪ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 2, ಬುಧವಾರ

ತಿಮ್ಮಯ್ಯಣ್ಣ ಬಂದರು. ಸಮದ್ ಭಾಯ್ ಕುರ್ಚಿ ಒರೆಸಿ ಕೊಟ್ಟರು. ನಾನು ಅಂಗಳ ತೆರೆದು ಮೆಟ್ಟಿಲು, ಕ್ಯಾಂಟೀನು, ಬೆಂಚು ತೋರಿಸಿದೆ.

"ಇದ್ರಾಗೆ ಕುಂತ್ಕಳದು ಅಂದ್ರೆ?"

"ಬೆಂಚಿನ ಮೇಲೆ ಒತ್ತೋದು ಅಣ್ಣ. ಒತ್ತಿದರೆ ಮಾತು ಬರೆಯಬಹುದು. ಅಷ್ಟೇ. ಧನು ಕೂತದ್ದು ಇಲ್ಲಿ, ಈ ಕುರ್ಚಿಯಲ್ಲಿ. ಆ ಹುಡುಗ ಮಾಗಡಿಯಲ್ಲಿ."

ತೆರೆಗೆ ಮುಖ ಹತ್ತಿರ ತಂದು ಬೆಂಚನ್ನು ನೋಡಿದರು. "ಚೆಂದಾಗಿ ಬರ್ದವ್ಳೆ ಮಗ" ಎಂದು ತಮಗೇ ಹೇಳಿಕೊಂಡರು. ನನಗೆ ಜೀವ ಬಂತು. ಅಷ್ಟರಲ್ಲಿ ಯಾರೋ ಒಳಬಂದರು. ಟಣ್! ಕೆಂಪು ಪಟ್ಟಿಯಲ್ಲಿ ಹೆಸರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ತಿಮ್ಮಯ್ಯಣ್ಣ ಅವರನ್ನೂ ನೋಡಿದರು, ಪಟ್ಟಿಯನ್ನೂ ನೋಡಿದರು.

"ಬೆಂಚು ಸುಳ್ಳು. ಒಪ್ದೆ ಕಣವ್ವ. ಹೆಸ್ರು?"

ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟರು.

"ನಾನು ರಾಕ್ಸನ ಪಾರ್ಟು ಹಾಕ್ತೀನಿ. ಹೆಂಗಸ್ರ ಜುಟ್ಟಿಡ್ದು ಎಳೀತೀನಿ, ತಲೆ ಕಡೀತೀನಿ. ಬೆಳಗ್ಗೆ ಎದ್ರೆ ಯಾರಾರ ನನ್ನ ಸ್ಟೇಷನ್‌ಗೆ ಕರೀತಾರಾ? ಇಲ್ಲ. ಯಾಕಂದ್ರೆ ಆ ಹೆಸ್ರು ನಂದಲ್ಲ. ನೀನು ಸುಳ್ಳು ಬೆಂಚು ಮಾಡಿ, ಅದರ ಮ್ಯಾಲೆ ನಿಜದ ಹೆಸ್ರು ಕೂರ್ಸ್ಬುಟ್ಯಲ್ಲವ್ವ. ಮೇಷ್ಟ್ರ ಮಗಳಾಗಿ."

ಎದ್ದು ಆ ಕಂಪ್ಯೂಟರಿನ ಮೇಜನ್ನು ಒಳಮುಖಕ್ಕೆ ತಿರುಗಿಸಲು ಎಳೆದೆ. ಸಮದ್ ಭಾಯ್ ಇನ್ನೊಂದು ತುದಿ ಹಿಡಿದುಕೊಂಡರು. ತಿರುಗಿಸಿ ನೋಡುವಷ್ಟರಲ್ಲಿ ತಿಮ್ಮಯ್ಯಣ್ಣ ಹೋಗಿದ್ದರು. ಧನುವನ್ನು ಕಳಿಸುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಏಪ್ರಿಲ್ 3, ಗುರುವಾರ

ಗಂಟೆ, ಪಟ್ಟಿ, ಹೆಸರು ಎಲ್ಲ ತೆಗೆಯುತ್ತೇನೆ ಎಂದೆ. ನಾಗರಾಜು ಸರ್ ಹಣೆ ಹಿಡಿದುಕೊಂಡರು.

"ರಿಪೋರ್ಟ್ ಬೈಂಡ್ ಆಗಿ ಹೋಗಿದೆ ಕಣಮ್ಮ. ಮೊದಲ ಪುಟದಲ್ಲೇ ಇರೋದು ಕಂಪ್ಯೂಟರಲ್ಲಿ ಇಲ್ಲ ಅಂದ್ರೆ ಪರೀಕ್ಷಕರು ಬಿಡ್ತಾರಾ? ಧನುಶ್ರೀ ಹೆಸರೊಂದನ್ನ ತೆಗಿ, ಸಾಕು."

"ಒಂದೇ ಹಲ್ಲು ಬಿದ್ದರೆ ನಾಲಿಗೆ ಅಲ್ಲಿಗೇ ಹೋಗುತ್ತೆ ಸರ್. ಅವಳ ಹೆಸರೊಂದೇ ಇಲ್ಲ ಅಂದ್ರೆ ಎಲ್ಲರೂ ಅದನ್ನೇ ಕೇಳ್ತಾರೆ."

"ಮಾರ್ಕ್ಸ್ ಹೋದ್ರೆ ನನ್ನ ಕೇಳ್ಬೇಡ."

ಏಪ್ರಿಲ್ 11, ಶುಕ್ರವಾರ

ಎಲ್ಲ ತೆಗೆದಾಯಿತು. ಬರುವವರು ತಮಗೆ ಬೇಕಾದ ಹೆಸರಿಟ್ಟುಕೊಳ್ಳಬಹುದು, ಇಡದೆಯೂ ಇರಬಹುದು. ಬೆಂಚಿನಲ್ಲಿ ಬರೆದದ್ದು ಆ ಬೆಂಚಿನವರಿಗಷ್ಟೇ ಕಾಣುತ್ತದೆ. ಯಾರಿದ್ದಾರೆಂದು ನನಗೂ ತಿಳಿಯದಂತೆ ಮಾಡುವುದು ಕಷ್ಟವಾಯಿತು.

ಕ್ಯಾಂಟೀನಿನಲ್ಲಿ 'ಕೋಳಿಪುಕ್ಕ' ಎಂಬ ಹೆಸರಿನವರು ನಾನು ಬರೆದ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟರು. ಯಾರೋ ಏನೋ. ಇರಲಿ.

ಏಪ್ರಿಲ್ 20, ಭಾನುವಾರ

ಅಪ್ಪ ನಾಟಕದ ತಾಲೀಮಿನಿಂದ ಬಂದು ಹೇಳಿದರು. ತಿಮ್ಮಯ್ಯಣ್ಣ ವೈವಾಕ್ಕೆ ಧನುವನ್ನು ಕರೆತರುತ್ತಾರಂತೆ.

"ಖುಷಿ ಪಡ್ಬ್ಯಾಡ, ಪೂರ್ತಿ ಕೇಳು" ಎಂದರು ಅಪ್ಪ. "ಆ ಒಂದು ದಿನ ಮಾತ್ರ ಕರ್ಕಂಡ್ ಬತ್ತಾನಂತೆ. ಬಾಗ್ಲಲ್ಲೇ ನಿಂತಿರ್ತಾನಂತೆ. ಆ ಮಾಗಡಿ ಹುಡ್ಗನ ಸುದ್ದಿ ಯಾರ ಬಾಯಿಂದಾದ್ರೂ ಬಂತೋ, ಅಲ್ಲಿಂದ್ಲೇ ವಾಪಸ್ಸು. ಮಿಕ್ಕ ಪರೀಕ್ಷೆ ಬರಿಯೋ ಮಾತು ಅದಾದ್ಮೇಲೆ."

ಸರಿ ಎಂದೆ.

ಏಪ್ರಿಲ್ 26, ಶನಿವಾರ

ಧನು ಬಂದಳು. ಕಣ್ಣಿನ ಕೆಳಗೆ ಕಪ್ಪಾಗಿದೆ. ನನ್ನ ಪಕ್ಕದ ಕುರ್ಚಿಯನ್ನು ಒಂದಿಷ್ಟು ಆಚೆ ಎಳೆದುಕೊಂಡು ಕೂತಳು. ತಿಮ್ಮಯ್ಯಣ್ಣ ಲ್ಯಾಬಿನ ಬಾಗಿಲಿಗೆ ಒರಗಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜವಾನ ದೂರ ಸರಿಯಿರಿ ಎಂದರೂ ಸರಿಯಲಿಲ್ಲ.

ಪರೀಕ್ಷಕರು ಬೆಂಗಳೂರಿನವರು. ರಿಪೋರ್ಟಿನ ಮೊದಲ ಪುಟ ಬಿಡಿಸಿ ಕಂಪ್ಯೂಟರಿನ ತೆರೆಯನ್ನು ನೋಡಿದರು. "ಗಂಟೆ, ಹೆಸರಿನ ಪಟ್ಟಿ ಅಂತ ಬರೆದಿದ್ದೀರಿ. ಎಲ್ಲಿ?"

"ತೆಗೆದೆವು ಸರ್."

"ಯಾಕೆ?"

"ಬೇಡ ಅನ್ನಿಸಿತು."

"ಯಾಕೆ ಬೇಡ ಅನ್ನಿಸಿತು? ಏನಾದ್ರೂ ನಡೀತಾ? ಯಾರಾದ್ರೂ ದೂರು ಕೊಟ್ಟರಾ?" ಕನ್ನಡಕ ತೆಗೆದು ನನ್ನ ಕಡೆ ಬಾಗಿದರು. "ನೋಡಮ್ಮ, ನಿಜವಾಗಿ ಏನೋ ನಡೆದು ಬದಲಾಯಿಸಿದ್ದರೆ ಅದು ದೊಡ್ಡ ವಿಷಯ. ಹೇಳು. ನಾನು ಅದಕ್ಕೇ ಅಂಕ ಕೊಡ್ತೀನಿ."

ವೆಂಕಟಲಕ್ಷ್ಮಮ್ಮ ಟ್ಯಾಂಕಿನ ಮರೆಯಲ್ಲಿ ಬೆಂಚು ಹುಡುಕಿದ್ದು, ಬೈರಾಪಟ್ಟಣದಲ್ಲಿ ಬಾಗಿಲುಗಳು ತೆರೆದದ್ದು, ರಾಕ್ಷಸನ ಪಾರ್ಟಿನ ಮಾತು, ಎಲ್ಲವೂ ಬಾಯಿಯವರೆಗೆ ಬಂದು ನಿಂತಿದ್ದವು. ಹೇಳಿದ್ದರೆ ಪರೀಕ್ಷಕರು ಮೆಚ್ಚಿ ಕುರ್ಚಿಯಿಂದ ಏಳುತ್ತಿದ್ದರು. ನಾಗರಾಜು ಸರ್ ಹೇಳು ಹೇಳು ಎಂದು ಕಣ್ಣಲ್ಲೇ ದೂಡುತ್ತಿದ್ದರು. ಧನು ಮೇಜಿನ ಅಂಚು ಹಿಡಿದಿದ್ದಳು. ಬಾಗಿಲ ಕಡೆ ನಾನು ತಿರುಗಲಿಲ್ಲ.

"ಏನೂ ನಡೆದಿಲ್ಲ ಸರ್."

"ಹಾಗಾದ್ರೆ ಕಾರಣವೇ ಇಲ್ಲ?"

"ಇಲ್ಲ ಸರ್."

"ಈಗ ಒಳಗೆ ಎಷ್ಟು ಜನ ಇದ್ದಾರೆ?"

"ಗೊತ್ತಿಲ್ಲ ಸರ್."

"ಮಾಡಿದವಳಿಗೇ ಗೊತ್ತಿಲ್ಲ!" ಕನ್ನಡಕ ಹಾಕಿಕೊಂಡು ಅಂಕದ ಹಾಳೆಯಲ್ಲಿ ಏನನ್ನೋ ಹೊಡೆದು ಹಾಕಿದರು. ನಾಗರಾಜು ಸರ್ ಕಿಟಕಿಯ ಕಡೆ ತಿರುಗಿದರು.

ಆಮೇಲೆ ಪರೀಕ್ಷಕರು ಧನುವನ್ನು ಕೇಳಿದರು. "ಚಿತ್ರ ನಿಂದಾ? ಬೆಂಚನ್ನ ಗೇಟಿನ ಹತ್ತಿರ ಯಾಕೆ ಹಾಕಿದ್ದೀಯ? ಒಳಗೆ ಇಷ್ಟು ಜಾಗ ಇದೆ."

ನಾನು ನೆಲ ನೋಡುತ್ತಾ ಕೂತೆ.

"ಬಸ್ ಬಂದ್ರೆ ಎದ್ದು ಓಡ್ಬೇಕಲ್ಲ ಸರ್" ಅಂದಳು ಧನು.

ಪರೀಕ್ಷಕರು ನಕ್ಕರು. ಇನ್ನೊಂದು ಕೇಳಿದರು, ಅದಕ್ಕೂ ಹೇಳಿದಳು. ಆಮೇಲೆ ಕೇಳದಿದ್ದರೂ ಹೇಳಿದಳು. ಬಣ್ಣ ಯಾಕೆ ಮಂದವಾಗಿಟ್ಟೆ, ಮರದ ನೆರಳು ಯಾವ ಹೊತ್ತಿನದು, ನೋಟ್ಸ್ ಕೇಳಲು ಸಂಕೋಚಪಡುವವರಿಗೆ ಮೆಟ್ಟಿಲಿನ ಮೂಲೆ ಯಾಕೆ ಬೇಕು. ಅವಳು ಇಷ್ಟೆಲ್ಲ ಯೋಚಿಸಿ ಬರೆದಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ತಿಮ್ಮಯ್ಯಣ್ಣ ಮೊಪೆಡ್ ಸ್ಟಾರ್ಟ್ ಮಾಡಿದ್ದರು. ಧನು ಹಿಂದೆ ಕೂತಳು. ನನ್ನ ಕಡೆ ನೋಡಿದಳು ಅನಿಸುತ್ತದೆ, ಬಿಸಿಲಿತ್ತು, ಸರಿಯಾಗಿ ಕಾಣಲಿಲ್ಲ.

ತಿಮ್ಮಯ್ಯಣ್ಣ ಗೇಟಿನವರೆಗೆ ಹೋಗಿ ನಿಲ್ಲಿಸಿದರು. ನಾನು ಹತ್ತಿರ ಹೋದೆ.

"ಸೋಮ್ವಾರದ ಪರೀಕ್ಷೆ ಎಷ್ಟೊತ್ಗೆ?"

"ಹತ್ತು ಗಂಟೆಗೆ ಅಣ್ಣ."

ಮೊಪೆಡ್ಡಿನ ಸದ್ದಿಗೆ ಕೇಳಿಸಲಿಲ್ಲವೇನೋ, ಕಿವಿ ಮುಂದೆ ತಂದರು. ಮತ್ತೆ ಹೇಳಿದೆ.

"ಒಂಬತ್ತೂವರೆಗೇ ತಂದು ಬುಡ್ತೀನಿ" ಎಂದರು. "ನಾನು ನಿಂತ್ಕಳಲ್ಲ. ಗೂಡು ಹಾಕಕ್ಕೆ ಹೋಗ್ಬೇಕು."